ರಾಜಮಲೆಯ ಕಾಡುಮೇಕೆ ಟ್ರಿಪ್: ಹೋಗಿ ಬನ್ನಿ, ಆದರೆ ಫೆಬ್ರವರಿಗೆ ಅಡ್ವಾನ್ಸ್ ಕೊಡಬೇಡಿ

ಮೊದಲೇ ಹೇಳಿಬಿಡುತ್ತೇನೆ, ಇದು ಮುನ್ನಾರ್ ರಿವ್ಯೂ ಅಲ್ಲ. ಟೀ ತೋಟ, ಎಕೋ ಪಾಯಿಂಟ್, ಚಾಕೊಲೇಟ್ ಅಂಗಡಿ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಬರೆಯುತ್ತಿರುವುದು ಕೇರಳದಲ್ಲಿ ಮುನ್ನಾರ್ ಪಕ್ಕ ಇರುವ ಎರವಿಕುಳಂ ನ್ಯಾಷನಲ್ ಪಾರ್ಕ್‌ನ ರಾಜಮಲೆ ಟ್ರಿಪ್ ಬಗ್ಗೆ ಮಾತ್ರ. ಅರಣ್ಯ ಇಲಾಖೆಯವರು ಟಿಕೆಟ್ ಕೊಟ್ಟು, ಅವರದೇ ಬಸ್ಸಲ್ಲಿ ಹತ್ತಿಸಿಕೊಂಡು ಹೋಗಿ, ನೀಲಗಿರಿ ತಾರ್ ಅನ್ನೋ ಕಾಡುಮೇಕೆ ಇರುವ ಬೆಟ್ಟದಲ್ಲಿ ಇಳಿಸಿ, ವಾಪಸ್ ಕರೆದುಕೊಂಡು ಬರುತ್ತಾರಲ್ಲ, ಆ ಸರ್ವಿಸ್. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಕಟ್ ಆಗಿದ್ದು ನಮ್ಮಂಥ ಟೂರಿಸ್ಟ್‌ಗಳಿಂದ, ಅದನ್ನು ಆಮೇಲೆ ಹೇಳುತ್ತೇನೆ.

ಕೋಲಾರದಿಂದ ಹೋಗುವವರು ಎಲ್ಲಕ್ಕಿಂತ ಮೊದಲು ಕ್ಯಾಲೆಂಡರ್ ನೋಡಬೇಕು. ಸಾಮಾನ್ಯವಾಗಿ ಫೆಬ್ರವರಿ 1ರಿಂದ ಮಾರ್ಚ್ 31ರವರೆಗೆ ಪಾರ್ಕ್ ಮುಚ್ಚಿರುತ್ತದೆ. ತಾರ್‌ಗಳು ಮರಿ ಹಾಕುವ ಕಾಲ ಅದು. ಇದೇನು ಗುಟ್ಟಲ್ಲ, ಪ್ರತಿ ವರ್ಷ ಪೇಪರಲ್ಲಿ ಬರುತ್ತದೆ. ಆದರೂ ನಮ್ಮ ಕಡೆಯ ಒಂದು ಟ್ರಾವೆಲ್ಸ್‌ನವರು ಶಿವರಾತ್ರಿ ರಜೆ ನೋಡಿಕೊಂಡು ಫೆಬ್ರವರಿಗೆ ಟೆಂಪೊ ಟ್ರಾವೆಲರ್ ಹಾಕಿದ್ದರು, ಪಟ್ಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಎರವಿಕುಳಂ. ಅಡ್ವಾನ್ಸ್ ಕೇಳಿದಾಗ, "ಆಗ ಪಾರ್ಕ್ ಕ್ಲೋಸ್ ಅಲ್ವಾ ಸಾರ್?" ಅಂದೆ. "ಅದೆಲ್ಲಾ ನಾವು ಮ್ಯಾನೇಜ್ ಮಾಡ್ತೀವಿ ಬನ್ನಿ" ಅಂದರು. ಮರಿ ಹಾಕೋ ಕಾಡುಪ್ರಾಣಿಯನ್ನು ಇವರು ಅದು ಹೇಗೆ ಮ್ಯಾನೇಜ್ ಮಾಡುತ್ತಾರೋ. ನಾನು ದುಡ್ಡು ಕೊಡಲಿಲ್ಲ. ಪಕ್ಕದ ಬೀದಿಯವರು ಕೊಟ್ಟರು, ಹೋದರು, ಮುಚ್ಚಿದ ಗೇಟ್ ಮುಂದೆ ಫೋಟೊ ತೆಗೆಸಿಕೊಂಡು ಬಂದರು. ಅದರ ಬದಲಿಗೆ ಯಾವುದೋ ಮಸಾಲೆ ತೋಟಕ್ಕೆ ಕರೆದುಕೊಂಡು ಹೋಗಿ ಎರಡು ಗಂಟೆ ಏಲಕ್ಕಿ ವ್ಯಾಪಾರ ಮಾಡಿಸಿದರಂತೆ. ವಾಪಸ್ ಕೇಳಿದರೆ ಒಂದು ರೂಪಾಯಿಯೂ ಬರಲಿಲ್ಲ.

ನಾವು ಹೋಗಿದ್ದು ಏಪ್ರಿಲ್‌ನಲ್ಲಿ, ಪಾರ್ಕ್ ತೆರೆದ ಮೇಲೆ, ವಾರದ ಮಧ್ಯೆ, ನಮ್ಮದೇ ಕಾರಲ್ಲಿ. ಜೊತೆಗೆ ಚಿಕ್ಕಪ್ಪ. ಅವರದು ಮುಳಬಾಗಿಲು ಕಡೆಯ ಹಳ್ಳಿ, ಬುದ್ಧಿ ಬಂದಾಗಿಂದ ಕುರಿ-ಮೇಕೆ ಕಾದವರು. ಕರೆದಾಗ ಮೊದಲು ನಕ್ಕರು. "ಮೇಕೆ ನೋಡೋಕೆ ಕೇರಳಕ್ಕೆ ಹೋಗ್ಬೇಕೇನಪ್ಪ, ದೊಡ್ಡೀಲಿ ಇಲ್ವಾ?" ಅಂದರು. ಆಮೇಲೆ ಬಂದರು. ಬಂದಿದ್ದು ಒಳ್ಳೇದೇ ಆಯಿತು. ಅವರು ಇಲ್ಲದೇ ಹೋಗಿದ್ದರೆ ನಾನು ಫೋಟೊ ತೆಗೆದು ಸುಮ್ನೆ ಇಳಿದು ಬಂದುಬಿಡುತ್ತಿದ್ದೆ.

ದಾರಿ ಬಗ್ಗೆ ಒಂದು ಮಾತು. ನಮ್ಮ ಕಡೆಯಿಂದ ಹೊಸೂರು, ಕೃಷ್ಣಗಿರಿ, ಸೇಲಂ ದಾಟಿ ಉಡುಮಲೈಪೇಟೆಗೆ ಹೋಗಿ, ಅಲ್ಲಿಂದ ಚಿನ್ನಾರ್, ಮರಯೂರು ಮೇಲೆ ಬೆಟ್ಟ ಹತ್ತಿದರೆ ಮುನ್ನಾರ್ ಊರು ಸಿಗುವುದಕ್ಕೆ ಮೊದಲೇ ಎರವಿಕುಳಂ ಗೇಟ್ ಸಿಗುತ್ತದೆ. ತುಂಬಾ ಜನಕ್ಕೆ ಇದು ಗೊತ್ತಿಲ್ಲ, ಸೀದಾ ಮುನ್ನಾರ್‌ಗೆ ಹೋಗಿ ರೂಮ್ ಹಾಕಿ ಮಾರನೇ ದಿನ ಅದೇ ರಸ್ತೆಯಲ್ಲಿ ವಾಪಸ್ ಬರುತ್ತಾರೆ. ಈ ದಾರಿಯ ಇನ್ನೊಂದು ಲಾಭ ಏನಂದರೆ, ಚಿನ್ನಾರ್ ಮಳೆ ಕಮ್ಮಿ ಇರುವ ಕುರುಚಲು ಕಾಡು, ನಮ್ಮ ಕಡೆಯ ಬೆಟ್ಟದ ಹಾಗೇ ಮುಳ್ಳು, ಬಂಡೆ, ಬಿಸಿಲು. ಅಲ್ಲಿಂದ ಮೇಲೆ ಹತ್ತುತ್ತಾ ಹತ್ತುತ್ತಾ ಗಾಳಿ ತಣ್ಣಗಾಗಿ, ಮುಳ್ಳು ಹೋಗಿ, ಟೀ ಬಂದು, ಟೀ ಮೇಲೆ ಹುಲ್ಲು ಕಾಣೋಕೆ ಶುರುವಾಗುತ್ತದೆ. ತಾರ್ ಎಲ್ಲಿ ಇರಲ್ಲ, ಎಲ್ಲಿ ಇರುತ್ತೆ ಅನ್ನೋದು ಕಾರಲ್ಲಿ ಕೂತೇ ಅರ್ಧ ಗೊತ್ತಾಗುತ್ತದೆ.

ಟಿಕೆಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಟೈಮ್ ಸ್ಲಾಟ್ ಆರಿಸಿಕೊಳ್ಳಬೇಕು. ದರ ಬದಲಾಗುತ್ತಾ ಇರುತ್ತದೆ, ಬುಕ್ ಮಾಡುವಾಗಲೇ ನೋಡಿಕೊಳ್ಳಿ. ನಿಮ್ಮ ಗಾಡಿ ಕೆಳಗೇ ನಿಲ್ಲಬೇಕು, ಮೇಲಕ್ಕೆ ಇಲಾಖೆಯ ಬಸ್ ಮಾತ್ರ. ಈ ನಿಯಮಕ್ಕೆ ಬೈದುಕೊಳ್ಳುವವರನ್ನು ಕ್ಯೂನಲ್ಲಿ ನೋಡಿದೆ. ನನಗಂತೂ ಇದೇ ಈ ಸರ್ವಿಸ್‌ನ ಜೀವ ಅನಿಸಿತು. ನಂದಿ ಬೆಟ್ಟದಲ್ಲಿ ಭಾನುವಾರ ಬೆಳಗ್ಗೆ ಕಾರು-ಬೈಕುಗಳ ಸಾಲಲ್ಲಿ ಸಿಕ್ಕಿಹಾಕಿಕೊಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಬಸ್ ಟೀ ತೋಟದ ನಡುವೆ ಸುತ್ತಿ ಸುತ್ತಿ ಹತ್ತುತ್ತದೆ, ಇಳಿದ ಮೇಲೆ ಒಂದು ಡಾಂಬರು ರಸ್ತೆ, ಅದರಲ್ಲಿ ಅಷ್ಟು ದೂರ ನಡೆದು ವಾಪಸ್ ಬರುವುದು. ಅಷ್ಟೇ ಟ್ರಿಪ್. ಜೀಪ್ ಸಫಾರಿ ಇಲ್ಲ, ಟ್ರೆಕ್ಕಿಂಗ್ ಇಲ್ಲ. ಪಕ್ಕದಲ್ಲೇ ದಕ್ಷಿಣ ಭಾರತದಲ್ಲೇ ಎತ್ತರದ ಆನಮುಡಿ ಇದೆ, 2,695 ಮೀಟರ್, ಅದನ್ನು ಹತ್ತೋಕೆ ಬಿಡಲ್ಲ. ಪಾರ್ಕ್ ಒಟ್ಟು 97 ಚದರ ಕಿಲೋಮೀಟರ್, ನಮ್ಮ ಕಾಲು ತಾಗುವುದು ಅದರ ಒಂದು ಅಂಚಿಗೆ.

ಬಸ್ ಇಳಿದು ಸ್ವಲ್ಪ ನಡೆದಿರಲಿಲ್ಲ, ರಸ್ತೆ ಪಕ್ಕದ ಕಲ್ಲಿನ ಮೇಲೆ ಒಂದು ಹೆಣ್ಣು ತಾರ್ ನಿಂತಿತ್ತು. ಕಾಡುಪ್ರಾಣಿ ಅಂದರೆ ದೂರದಲ್ಲಿ ಒಂದು ಚುಕ್ಕಿ ತೋರಿಸಿ "ಅದೇ ನೋಡಿ ಸಾರ್" ಅನ್ನುತ್ತಾರಲ್ಲ, ಹಾಗಲ್ಲ. ನಾಲ್ಕು ಮಾರು ದೂರ. ಬೂದು ಮಿಶ್ರಿತ ಕಂದು ಬಣ್ಣ, ಗಿಡ್ಡ ಗಟ್ಟಿ ಕಾಲು, ಹಿಂದಕ್ಕೆ ಬಾಗಿದ ಕೊಂಬು. ಹೆಣ್ಣಿಗೂ ಕೊಂಬು ಇರುತ್ತದೆ, ಗಂಡಿನದಕ್ಕಿಂತ ಸಣ್ಣದು. ಅದು ನಮ್ಮ ಕಡೆ ನೋಡಲೂ ಇಲ್ಲ. ಅದರ ಕೆಳಗೆ ಇಳಿಜಾರಲ್ಲಿ ಇನ್ನಷ್ಟು ಹೆಣ್ಣುಗಳು, ಕಾಲಡಿ ಮರಿಗಳು. ಒಂದು ಮರಿ ಬಂಡೆಯ ಅಂಚಿಗೆ ಹೋಗಿ, ಕೆಳಗೆ ನೋಡಿ, ಅಲ್ಲೇ ಒಂದು ಸುತ್ತು ತಿರುಗಿ ಹಾರಿತು. ಅದರ ಕೆಳಗೆ ಏನಿದೆ ಅಂತ ನಾನು ಬಗ್ಗಿ ನೋಡಿದರೆ ತಲೆ ತಿರುಗುವ ಹಾಗಿತ್ತು. ಮರಿ ಅಷ್ಟು ಹೊತ್ತಿಗೆ ಇನ್ನೊಂದು ಕಲ್ಲಿನ ಮೇಲೆ ನಿಂತು ಕಿವಿ ಕೆರೆದುಕೊಳ್ಳುತ್ತಿತ್ತು. ಗೊರಸಿನ ಅಂಚು ಗಟ್ಟಿ, ಒಳಗಿನ ಭಾಗ ಮೆತ್ತಗೆ, ಒಳ್ಳೇ ಶೂ ಸೋಲ್ ಥರ ಬಂಡೆಗೆ ಕಚ್ಚಿಕೊಳ್ಳುತ್ತದೆ.

ಚಿಕ್ಕಪ್ಪ ಮಾತಾಡದೆ ನೋಡುತ್ತಾ ನಿಂತಿದ್ದರು. ಸುಮಾರು ಹೊತ್ತಾದ ಮೇಲೆ, "ಇದು ಮೇಕೆ ಅಲ್ಲ ಕಣಪ್ಪ" ಅಂದರು. "ಯಾಕೆ ಚಿಕ್ಕಪ್ಪ?" ಅಂದೆ. "ಗಡ್ಡ ಎಲ್ಲೈತೆ? ಮೇಯೋದು ನೋಡು. ಮೇಕೆ ಆಗಿದ್ರೆ ಇಷ್ಟೊತ್ತಿಗೆ ಆ ಗಿಡದ ಮೇಲೆ ಮುಂಗಾಲು ಇಟ್ಟಿರೋದು. ಇದು ತಲೆ ಬಗ್ಗಿಸಿಕೊಂಡು ಹುಲ್ಲೇ ಕಚ್ತಾ ಐತೆ, ಕುರಿ ಜಾತಿ ಇದು."

ನನಗೆ ರೋಮಾಂಚನ ಆಗಿದ್ದು ಇಲ್ಲಿ. ಯಾಕಂದರೆ ವಿಜ್ಞಾನಿಗಳೂ ಇದೇ ಮಾತಿಗೆ ಬಂದಿದ್ದಾರೆ, 2005ರಲ್ಲಿ, ಡಿಎನ್‌ಎ ನೋಡಿ. ಅದಕ್ಕೆ ಮೊದಲು ಹಿಮಾಲಯದ ತಾರ್, ಅರೇಬಿಯಾದ ತಾರ್, ನೀಲಗಿರಿ ತಾರ್ ಮೂರನ್ನೂ ಒಂದೇ ಕುಲಕ್ಕೆ, ಅಂದರೆ ಜೀನಸ್‌ಗೆ, ಹಾಕಿದ್ದರು. ನೋಡಿದರೆ ನಮ್ಮ ನೀಲಗಿರಿ ತಾರ್ ಮೇಕೆಗಿಂತ ಕುರಿಗೆ ಹತ್ತಿರದ ಸಂಬಂಧಿ. ಹಾಗಾಗಿ ಅದಕ್ಕೆ ಬೇರೆಯದೇ ಕುಲ ಮಾಡಿ ನೀಲಗಿರಿಟ್ರಾಗಸ್ ಹೈಲೊಕ್ರಿಯಸ್ ಅಂತ ಹೆಸರಿಟ್ಟರು. ಆ ಕುಲದಲ್ಲಿ ಇರೋದು ಇದೊಂದೇ. ಚಿಕ್ಕಪ್ಪನಿಗೆ ಇದನ್ನು ಹೇಳಿದೆ. "ಅದಕ್ಕೆ ರಕ್ತ ಯಾಕೆ ತೆಗೀಬೇಕಾಗಿತ್ತು, ನಮ್ಮನ್ನ ಕೇಳಿದ್ರೆ ಆಗ್ತಿತ್ತು" ಅಂದರು.

ದೊಡ್ಡ ಗಂಡು ಹತ್ತಿರ ಸಿಗಲಿಲ್ಲ. ಏಪ್ರಿಲ್‌ನಲ್ಲಿ ಅವು ಹೆಚ್ಚಾಗಿ ಹೆಣ್ಣು-ಮರಿಗಳ ಹಿಂಡಿನಿಂದ ದೂರ ಇರುತ್ತವೆ, ಹಿಂಡಿಗೆ ಬರುವುದು ಮುಂಗಾರಲ್ಲಿ, ಬೆದೆಗೆ. ಆರು ತಿಂಗಳ ಗರ್ಭ, ಅಲ್ಲಿಗೆ ಜನವರಿ-ಫೆಬ್ರವರಿಯಲ್ಲಿ ಮರಿ, ಸಾಮಾನ್ಯವಾಗಿ ಒಂದೇ. ಬೈನಾಕ್ಯುಲರ್ ಇದ್ದಿದ್ದರಿಂದ ಮೇಲಿನ ಬಂಡೆಯಲ್ಲಿ ಒಂದು ಗಂಡು ಮಲಗಿದ್ದು ಕಂಡಿತು. ಮೈ ಎಲ್ಲಾ ಕಡು ಕಂದು, ಬೆನ್ನ ಮೇಲೆ ಮಾತ್ರ ಬೆಳ್ಳಿ ಬಣ್ಣದ ಪಟ್ಟೆ, ಜೀನು ಹಾಕಿದ ಹಾಗೆ. ವಯಸ್ಸಾದ ಗಂಡಿಗೆ ಮಾತ್ರ ಆ ಗುರುತು ಬರುತ್ತದೆ, ತೂಕ ಎಂಬತ್ತು ಕೆಜಿ ದಾಟುತ್ತದೆ. ಅಂಥ ಭಾರದ ಪ್ರಾಣಿ ಆ ಗೋಡೆಯಂಥ ಕಲ್ಲಲ್ಲಿ ಹೇಗೆ ಹತ್ತಿತು ಅಂತ ಚಿಕ್ಕಪ್ಪ ಬೈನಾಕ್ಯುಲರ್ ನನಗೆ ವಾಪಸ್ ಕೊಡಲೇ ಇಲ್ಲ.

ಈಗ ಮುಖ್ಯ ವಿಷಯ. ಈ ಟ್ರಿಪ್‌ಗೆ ಕೊಟ್ಟ ದುಡ್ಡು ಸಾರ್ಥಕ ಅಂತ ನಾನು ಹೇಳುವುದು ಪ್ರಾಣಿ ಹತ್ತಿರ ಸಿಗುತ್ತದೆ ಅಂತ ಅಲ್ಲ. ಹತ್ತಿರ ನೋಡಬೇಕಾದರೆ ಆಳಿಯಾರ್‌ನಿಂದ ವಾಲ್ಪಾರೈಗೆ ಹೋಗುವ ಘಾಟ್ ರಸ್ತೆಯಲ್ಲೂ ತಿರುವಿನ ಗೋಡೆ ಮೇಲೆ ತಾರ್ ನಿಂತಿರುವುದುಂಟು, ಬಿಟ್ಟಿಯಾಗಿ. ರಾಜಮಲೆಯಲ್ಲಿ ನೋಡಬೇಕಾದ್ದು ಅದು ಬದುಕುವ ಜಾಗ. ಅಲ್ಲಿ ನಿಂತು ಸುತ್ತ ನೋಡಿದರೆ ಎರಡೇ ವಸ್ತು, ಹುಲ್ಲು ಮತ್ತು ಕಡಿದಾದ ಬಂಡೆ. ಕಣಿವೆಯ ಮಡಿಕೆಗಳಲ್ಲಿ ಮಾತ್ರ ಗಿಡ್ಡ ಮರಗಳ ಶೋಲಾ ಕಾಡು. ತಾರ್‌ಗೆ ಹುಲ್ಲೂ ಬೇಕು, ಬಂಡೆಯೂ ಬೇಕು, ಎರಡೂ ಅಕ್ಕಪಕ್ಕ ಬೇಕು. ಹುಲ್ಲಲ್ಲಿ ಮೇಯುತ್ತದೆ, ಚಿರತೆಯೋ ಸೀಳುನಾಯಿಯೋ ಬಂತು ಅಂದರೆ ಒಂದು ಸಿಳ್ಳೆ ಹೊಡೆದು ಬಂಡೆಗೆ ಓಡುತ್ತದೆ. ಬಂಡೆ ದೂರ ಇರುವ ಹುಲ್ಲುಗಾವಲು ಎಷ್ಟೇ ಸೊಂಪಾಗಿದ್ದರೂ ಅದಕ್ಕೆ ಉಪಯೋಗ ಕಮ್ಮಿ. ಬಂಡೆ ಮಾತ್ರ ಇದ್ದು ಹುಲ್ಲು ಇಲ್ಲದಿದ್ದರೆ ಹೊಟ್ಟೆಗೇನು? ನಮ್ಮ ಕೋಲಾರದ ಅಂತರಗಂಗೆ ಬೆಟ್ಟದಲ್ಲಿ ಬಂಡೆಗೆ ಬರ ಇಲ್ಲ ಅಲ್ವಾ, ಆದರೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿ ಆ ಥರದ ಹುಲ್ಲು ಬರಲ್ಲ. ಎರವಿಕುಳಂನಲ್ಲಿ ಅದರ ಎಷ್ಟೋ ಪಟ್ಟು ಮಳೆ, ಚಳಿಗಾಲದಲ್ಲಿ ಹುಲ್ಲಿನ ಮೇಲೆ ಹಿಮ ಕಟ್ಟುವಷ್ಟು ಚಳಿ. ಸುಮಾರು 1,200 ಮೀಟರ್‌ನಿಂದ 2,600 ಮೀಟರ್ ಎತ್ತರದವರೆಗೆ, ಅದೂ ಪಶ್ಚಿಮ ಘಟ್ಟದ ದಕ್ಷಿಣದ ತುಂಡಲ್ಲಿ, ಕೇರಳ ಮತ್ತು ತಮಿಳುನಾಡಿನಲ್ಲಿ ಮಾತ್ರ ಈ ಪ್ರಾಣಿ ಕಾಡಲ್ಲಿ ಉಳಿದಿದೆ. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ನಮ್ಮ ಕರ್ನಾಟಕದ ಕಾಡಲ್ಲೂ ಇಲ್ಲ.

2025ರ ಏಪ್ರಿಲ್‌ನಲ್ಲಿ ಎರಡೂ ರಾಜ್ಯದವರು ಒಟ್ಟಿಗೆ ಎಣಿಸಿದಾಗ ಸಿಕ್ಕಿದ್ದು 2,600ಕ್ಕೆ ಸ್ವಲ್ಪ ಜಾಸ್ತಿ. ಅದರಲ್ಲಿ 800ಕ್ಕೂ ಜಾಸ್ತಿ ಇದೊಂದೇ ಎರವಿಕುಳಂನಲ್ಲಿ. ನಮ್ಮ ಜಿಲ್ಲೆಯ ಒಂದೆರಡು ಹೋಬಳಿಯ ಕುರಿ-ಮೇಕೆ ಲೆಕ್ಕ ಹಾಕಿದರೆ ಇದಕ್ಕಿಂತ ಜಾಸ್ತಿ ಬರುತ್ತದೆ, ಇದು ಇಡೀ ಭೂಮಿಯ ಲೆಕ್ಕ.

ಯಾಕೆ ಇಷ್ಟು ಕಮ್ಮಿ? ಬೇಟೆ ಒಂದು ಕಾರಣ, ಬ್ರಿಟಿಷರ ಕಾಲದಿಂದ. ಆದರೆ ಬೇಟೆಗಿಂತ ದೊಡ್ಡ ಪೆಟ್ಟು ಕೊಟ್ಟಿದ್ದು ಗಿಡ ನೆಟ್ಟಿದ್ದು. ಓದಿ ಆಶ್ಚರ್ಯ ಆಗಬಹುದು, ಗಿಡ ನೆಟ್ಟರೆ ಒಳ್ಳೇದೇ ತಾನೇ ಅಂತ. ಮರ ಇಲ್ಲದ ಹುಲ್ಲು ಬೆಟ್ಟ ಕಂಡರೆ ಆಗಿನವರಿಗೆ ಅದು ಖಾಲಿ ಜಾಗ. ಟೀ ಹಾಕಿದರು. ಟೀ ಕಾರ್ಖಾನೆಯ ಒಲೆಗೆ ಸೌದೆ ಬೇಕು ಅಂತ ನೀಲಗಿರಿ ಮರ ಹಾಕಿದರು. ತೊಗಲು ಹದ ಮಾಡೋಕೆ ತೊಗಟೆ ಬೇಕು ಅಂತ ವಾಟಲ್ ಅನ್ನೋ ಆಸ್ಟ್ರೇಲಿಯಾದ ಗಿಡ ಹಾಕಿದರು. ಆ ವಾಟಲ್ ಈಗ ಯಾರೂ ನೆಡದೇ ತಾನೇ ಹಬ್ಬುತ್ತಿದೆ. ಹುಲ್ಲು ಹೋದ ಕಡೆ ತಾರ್ ಹೋಯಿತು. ಉಳಿದ ಹಿಂಡುಗಳು ಒಂದೊಂದು ಬೆಟ್ಟದ ತಲೆ ಮೇಲೆ ಸಿಕ್ಕಿಹಾಕಿಕೊಂಡವು. ನಡುವೆ ತೋಟ, ರಸ್ತೆ, ಡ್ಯಾಮ್. ಒಂದು ಬೆಟ್ಟದ ಗಂಡು ಇನ್ನೊಂದು ಬೆಟ್ಟದ ಹಿಂಡಿಗೆ ಹೋಗುವ ದಾರಿ ಇಲ್ಲ, ಒಂದೇ ರಕ್ತದಲ್ಲಿ ಮರಿ ಆಗುತ್ತಾ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಹೋತ ಬದಲಾಯಿಸುವ ಚಿಕ್ಕಪ್ಪನಿಗೆ ಈ ಸಮಸ್ಯೆ ವಿವರಿಸಬೇಕಾಗಿ ಬರಲಿಲ್ಲ.

ಕೋಲಾರದವರಿಗೆ ಈ ಕಥೆ ಹೊಸದೇನಲ್ಲ. ನಮ್ಮ ಗೋಮಾಳಗಳಿಗೆ ಏನಾಯಿತು ಹೇಳಿ? ಮರ ಇಲ್ಲ, ಬರಡು ಜಾಗ ಅಂತ ಹೇಳಿ ಊರೂರಿಗೆ ನೀಲಗಿರಿ ತೋಪು ಎಬ್ಬಿಸಿದರು. ಅದರ ಕೆಳಗೆ ಹುಲ್ಲು ಬರಲಿಲ್ಲ, ಬೋರ್‌ವೆಲ್ ಸಾವಿರ ಅಡಿ ದಾಟಿತು. ಕೊನೆಗೆ 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡಬಾರದು ಅಂತ ಆದೇಶ ಮಾಡಿತು. ಅಷ್ಟು ಹೊತ್ತಿಗೆ ಚಿಕ್ಕಪ್ಪನ ಊರಲ್ಲಿ ಕುರಿ ಹಿಂಡು ಇಟ್ಟವರು ಒಬ್ಬೊಬ್ಬರೇ ಮಾರಿ ಹಾಲಿನ ಡೈರಿ ಕಡೆ ತಿರುಗಿದ್ದರು. ಮೇಕೆ ಇಟ್ಟವರು ದೋಟಿ ಹಿಡಿದು ಮರದ ಸೊಪ್ಪು ಇಳಿಸಿ ಹೇಗೋ ಸಾಕಿದರು. ಹುಲ್ಲು ನಂಬಿದ ಕುರಿಗೆ ಆ ದಾರಿಯೂ ಇಲ್ಲ. ರಾಜಮಲೆಯ ರಸ್ತೆಯಲ್ಲಿ ನಿಂತು ಆ ಕಡೆ ಬೆಟ್ಟದ ನೀಲಗಿರಿ ತೋಪು ತೋರಿಸಿ ಚಿಕ್ಕಪ್ಪ, "ಆ ಕಡೆ ಒಂದಾದ್ರೂ ಐತಾ ನೋಡು" ಅಂದರು. ಬೈನಾಕ್ಯುಲರ್ ಹಾಕಿ ಹುಡುಕಿದೆ. ಒಂದೂ ಇರಲಿಲ್ಲ. ಈ ಕಡೆ ಹುಲ್ಲಲ್ಲಿ ಎಲ್ಲೆಲ್ಲೂ ಅವೇ.

ಈ ಬೆಟ್ಟ ಉಳಿದದ್ದಕ್ಕೆ ಕಾರಣವೂ ವಿಚಿತ್ರ. ಟೀ ಕಂಪನಿಯ ಸಾಹೇಬರು ಇದನ್ನು ತಮ್ಮ ಬೇಟೆಗೆ ಅಂತ ತೋಟ ಮಾಡದೆ ಬಿಟ್ಟುಕೊಂಡಿದ್ದರು. 1971ರಲ್ಲಿ ಕೇರಳ ಸರ್ಕಾರ ಕಾನೂನು ಮಾಡಿ ಕಂಪನಿಯ ಜಮೀನು ವಾಪಸ್ ಪಡೆದಾಗ ಇದನ್ನೂ ಹಂಚಿಬಿಡುವ ಸಾಧ್ಯತೆ ಇತ್ತು. ಹಾಗೆ ಆಗಲಿಲ್ಲ. 1975ರಲ್ಲಿ ಅಭಯಾರಣ್ಯ, 1978ರಲ್ಲಿ ನ್ಯಾಷನಲ್ ಪಾರ್ಕ್. ಅದೇ 1975ರ ಸುಮಾರಿಗೆ ಇ.ಆರ್.ಸಿ. ಡೇವಿದಾರ್ ಅನ್ನೋರು ತಾರ್ ಎಷ್ಟಿವೆ ಅಂತ ಬೆಟ್ಟ ಬೆಟ್ಟ ಅಲೆದು ಅಧ್ಯಯನ ಮಾಡಿದ್ದರು. ಅವರ ನೆನಪಿಗೆ ತಮಿಳುನಾಡಿನಲ್ಲಿ ಈಗ ಅಕ್ಟೋಬರ್ 7 ತಾರ್ ದಿನ. ತಾರ್ ತಮಿಳುನಾಡಿನ ರಾಜ್ಯ ಪ್ರಾಣಿ, ಅಲ್ಲಿ ಅದನ್ನು ವರೈಯಾಡು ಅನ್ನುತ್ತಾರೆ. 2023ರಲ್ಲಿ ಅದಕ್ಕೇ ಅಂತ ಒಂದು ಪ್ರಾಜೆಕ್ಟ್ ಶುರು ಮಾಡಿದ್ದಾರೆ, 25 ಕೋಟಿ ಚಿಲ್ಲರೆ. ಅದರಲ್ಲಿ ಎಣಿಕೆ, ರೇಡಿಯೊ ಕಾಲರ್ ಜೊತೆಗೆ ಹುಲ್ಲುಗಾವಲು ಸರಿ ಮಾಡುವುದೂ ಸೇರಿದೆ. ಮುನ್ನಾರ್ ಕಡೆಯೂ ವಾಟಲ್ ಕಿತ್ತು ಹುಲ್ಲು ನೆಡುವ ಕೆಲಸ ಕೆಲವು ಕಡೆ ನಡೆದಿದೆ. ಮರ ಕಡಿದು ಹುಲ್ಲು ನೆಡುವುದಕ್ಕೆ ಸರ್ಕಾರ ದುಡ್ಡು ಕೊಡುತ್ತದೆ ಅಂದರೆ ನಮ್ಮ ಊರಲ್ಲಿ ಯಾರೂ ನಂಬಲ್ಲ.

ಇನ್ನು ಆ ಅರ್ಧ ಸ್ಟಾರ್. ಬೋರ್ಡ್ ಹಾಕಿದ್ದಾರೆ, ಗಾರ್ಡ್‌ಗಳು ನಿಂತಿದ್ದಾರೆ, ಮುಟ್ಟಬೇಡಿ, ತಿನ್ನೋಕೆ ಕೊಡಬೇಡಿ ಅಂತ ಬಾಯಿ ಬಿಟ್ಟು ಹೇಳುತ್ತಾರೆ. ಆದರೂ ಒಬ್ಬ ಮಹಾನುಭಾವ ಬಿಸ್ಕತ್ ಪ್ಯಾಕೆಟ್ ಚರಚರ ಅನ್ನಿಸಿ ಕರೆಯುತ್ತಿದ್ದ. ಇನ್ನೊಬ್ಬರು ಮಗುವನ್ನು ತಾಯಿ ತಾರ್ ಮತ್ತು ಮರಿಯ ಮಧ್ಯೆ ನಿಲ್ಲಿಸಿ ಫೋಟೊ ತೆಗೆಯೋಕೆ ಹೊರಟಿದ್ದರು, ಗಾರ್ಡ್ ಸೀಟಿ ಊದಿದ. ಕನ್ನಡದಲ್ಲೇ ಮಾತಾಡುತ್ತಿದ್ದರು, ನಾಚಿಕೆಯಾಯಿತು. ಇದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರ ಪ್ರಾಣಿ, ಹುಲಿಗೆ ಇರುವ ಕಾನೂನೇ ಇದಕ್ಕೂ. ಸಾಧು ಇದೆ ಅಂತ ಕೊಂಬು ಹಿಡಿಯೋಕೆ ಹೋದರೆ ಕೋರ್ಟು, ಕೇಸು ಅಂತ ಅಲೆಯಬೇಕಾಗುತ್ತದೆ. ರಜೆ ದಿನ, ಓಣಂ, ಕ್ರಿಸ್‌ಮಸ್ ಸಮಯದಲ್ಲಿ ಹೋದರೆ ಇಂಥವರು ಇನ್ನೂ ಜಾಸ್ತಿ ಸಿಗುತ್ತಾರೆ, ರಸ್ತೆ ತುಂಬಾ ಜನ, ತಾರ್ ಮೇಲಕ್ಕೆ ಹೋಗಿಬಿಡುತ್ತದೆ.

ಯಾರು ಹೋಗಬಾರದು ಅಂತಲೂ ಹೇಳಬೇಕು. ಹುಲಿ, ಆನೆ, ಥ್ರಿಲ್ ಬೇಕು ಅನ್ನುವವರು ಬೇಡ. ಇಲ್ಲಿ ನಡೆಯುವುದು, ನಿಲ್ಲುವುದು, ನೋಡುವುದು, ಅಷ್ಟೇ. ಮಂಡಿ ನೋವಿರುವವರು ಬರಬಹುದು, ನಿಧಾನ ನಡೆದರೆ ರಸ್ತೆ ಕಷ್ಟ ಇಲ್ಲ, ಆದರೆ ಏರು ಇದೆ. ನೀಲಕುರಿಂಜಿ ಹೂವು ನೋಡಬೇಕು ಅಂತ ಇದ್ದರೆ 12 ವರ್ಷಕ್ಕೊಮ್ಮೆ ಅರಳೋದು, 2018ರಲ್ಲಿ ಆಗಿದೆ, ಇನ್ನು 2030ಕ್ಕೆ. ಈ ವರ್ಷವೇ ತೋರಿಸ್ತೀವಿ ಅಂತ ಯಾರಾದರೂ ಪ್ಯಾಕೇಜ್ ಮಾರಿದರೆ ಬೇರೆ ಯಾವುದೋ ಜಾತಿಯ ಕುರಿಂಜಿ ತೋರಿಸುತ್ತಾರೆ, ಹುಷಾರು.

ಬೆಳಗಿನ ಮೊದಲ ಸ್ಲಾಟ್ ಹಿಡಿಯಿರಿ. ಹೊತ್ತು ಏರಿದ ಹಾಗೆ ಮಂಜು ಮುಚ್ಚಿಕೊಂಡರೆ ಹತ್ತು ಅಡಿ ಆಚೆಗಿನ ಪ್ರಾಣಿಯೂ ಕಾಣಲ್ಲ. ಏಪ್ರಿಲ್ ಆದರೂ ಸ್ವೆಟರ್ ಇರಲಿ, ಕೋಲಾರದ ಬಿಸಿಲಿಂದ ಹೊರಟವರಿಗೆ ಅದರ ನೆನಪೇ ಇರಲ್ಲ. ತಿಂಡಿ ಕೆಳಗೇ ಮುಗಿಸಿ, ಪ್ಲಾಸ್ಟಿಕ್ ಮೇಲಕ್ಕೆ ಒಯ್ಯಬೇಡಿ. ಬೈನಾಕ್ಯುಲರ್ ಇದ್ದರೆ ಒಬ್ಬರಿಗೆ ಒಂದು ಇರಲಿ, ಚಿಕ್ಕಪ್ಪನಂಥವರ ಜೊತೆ ಹೋದರಂತೂ ಖಂಡಿತ. ವಾಪಸ್ ಬರುವಾಗ ಮರಯೂರಿನಲ್ಲಿ ಬೆಲ್ಲ ತಗೊಳ್ಳಿ, ಜಿಐ ಟ್ಯಾಗ್ ಇರುವ ಬೆಲ್ಲ, ಕಪ್ಪಗೆ ಉಂಡೆ ಕಟ್ಟಿರುತ್ತಾರೆ. ಮತ್ತೆ ಟ್ರಾವೆಲ್ಸ್‌ನವರ ಮೂಲಕವೇ ಹೋಗುವುದಾದರೆ ದಿನಾಂಕ ಗೊತ್ತಾದ ತಕ್ಷಣ ಪಾರ್ಕ್ ಟಿಕೆಟ್ ಬುಕ್ ಆಗಿರುವ ಮೆಸೇಜ್ ತೋರಿಸಿ ಅಂತ ಕೇಳಿ, ತೋರಿಸಿದ ಮೇಲೆ ಉಳಿದ ದುಡ್ಡು ಕೊಡಿ.